ಆಟಗಾರನಿಗೆ ದುಡ್ಡು ಕೊಡೋದು ಈಗ ಕಾನೂನುಬದ್ಧ. ಹಾಗಾದರೆ ಕಾಲೇಜು ಫುಟ್‌ಬಾಲ್‌ನಲ್ಲಿ ಇನ್ನೂ ತಪ್ಪು ಯಾವುದು?

ಹ್ಯಾಶ್‌ಮಾರ್ಕ್ (ಪ್ರಶ್ನೆ)

ಅಮೆರಿಕದ ಕಾಲೇಜು ಫುಟ್‌ಬಾಲ್ ನಿಯಮಗಳನ್ನು ಬಲ್ಲವರು ಸ್ವಲ್ಪ ಬಿಡಿಸಿ ಹೇಳಬೇಕು. 2021ರ ಜುಲೈ 1ರಿಂದ ಆಟಗಾರ ತನ್ನ ಹೆಸರು, ಮುಖ, ಖ್ಯಾತಿ ಬಳಸಿ ಸಂಪಾದಿಸಬಹುದು. ಎಲ್ಲರೂ ಎನ್‌ಐಎಲ್ ಅನ್ನುವುದು ಇದನ್ನೇ. 2025ರ ಜುಲೈ 1ರಿಂದ ಕಾಲೇಜುಗಳೇ ತಮ್ಮ ಆದಾಯದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡುತ್ತಿವೆ. ಆದರೂ 2023ರಲ್ಲಿ ಟೆನೆಸ್ಸಿಗೆ 80 ಲಕ್ಷ ಡಾಲರ್ ದಂಡ ಬಿತ್ತು, 2024ರ ಜನವರಿಯಲ್ಲಿ ಫ್ಲಾರಿಡಾ ಸ್ಟೇಟ್‌ನ ಒಬ್ಬ ಕೋಚ್‌ಗೆ ಮೂರು ಪಂದ್ಯಗಳ ಅಮಾನತು ಆಯಿತು.

ನನಗೆ ತಿಳಿಯದ್ದು ಇಷ್ಟು. 'ಅನುಚಿತ ಸವಲತ್ತು' ಅನ್ನುವುದನ್ನು ಅಳೆಯುವುದು ಹೇಗೆ? 2010ರಲ್ಲಿ ಜಾರ್ಜಿಯಾದ ಎ.ಜೆ. ಗ್ರೀನ್ ತನ್ನದೇ ಜೆರ್ಸಿಯನ್ನು 1,000 ಡಾಲರ್‌ಗೆ ಮಾರಿದ್ದಕ್ಕೆ ನಾಲ್ಕು ಪಂದ್ಯ ಕಳೆದುಕೊಂಡ. ಆ ನಾಲ್ಕು ಎಲ್ಲಿಂದ ಬಂತು? 1987ರಲ್ಲಿ ಎಸ್‌ಎಂಯುಗೆ (ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿ) ಕೊಟ್ಟ, ತಂಡವನ್ನೇ ನಿಲ್ಲಿಸುವ 'ಮರಣದಂಡನೆ' ಮತ್ತೆ ಯಾವ ದೊಡ್ಡ ಫುಟ್‌ಬಾಲ್ ತಂಡಕ್ಕೂ ಯಾಕೆ ಬರಲಿಲ್ಲ? ಮತ್ತೆ ಈಗ, ಎಲ್ಲರೂ ಬಹಿರಂಗವಾಗಿ ದುಡ್ಡು ಕೊಡುವ ಕಾಲದಲ್ಲಿ, ಬೂಸ್ಟರ್ (ತಂಡವನ್ನು ಹೊರಗಿನಿಂದ ಬೆಂಬಲಿಸುವ ಹಣವಂತ) ಕೊಟ್ಟ ದುಡ್ಡು ಯಾವ ಹಂತದಲ್ಲಿ ತಪ್ಪಾಗುತ್ತದೆ?

ನಾಲ್ಕನೇ ಡೌನ್

ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ) ನಿಯಮದಲ್ಲಿ 'ಎಷ್ಟು' ಅನ್ನುವುದು ಕೊನೆಯ ಪ್ರಶ್ನೆ. ಕೊಟ್ಟವರು ಯಾರು, ಯಾವಾಗ ಕೊಟ್ಟರು, ಯಾಕೆ ಕೊಟ್ಟರು, ಇವು ಮೊದಲು. ಇದು ತಲೆಗೆ ಹೋದರೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹುಡುಗ ಇನ್ನೂ ಹೈಸ್ಕೂಲಿನಲ್ಲಿದ್ದಾಗ, ಕಾಲೇಜಿಗೆ ಸಹಿ ಹಾಕುವ ಮೊದಲು ಕೊಟ್ಟದ್ದು 'ಆಮಿಷ'. ಸೇರಿದ ಮೇಲೆ ಕೊಟ್ಟದ್ದು 'ಹೆಚ್ಚುವರಿ ಸವಲತ್ತು'. ಎರಡಕ್ಕೂ ಪರೀಕ್ಷೆ ಒಂದೇ: ಅದೇ ಕಾಲೇಜಿನ ಸಾಮಾನ್ಯ ವಿದ್ಯಾರ್ಥಿಗೆ ಇದೇ ವಸ್ತು, ಇದೇ ಬೆಲೆಗೆ, ಇದೇ ಷರತ್ತಿನಲ್ಲಿ ಸಿಗುತ್ತಿತ್ತೇ? ಸಿಗುತ್ತಿದ್ದರೆ ತೊಂದರೆಯಿಲ್ಲ. ಸಿಗುತ್ತಿರಲಿಲ್ಲ ಅಂದರೆ ಅದು ಐದು ಡಾಲರ್ ಆದರೂ ಉಲ್ಲಂಘನೆಯೇ.

'ಯಾರು' ಅನ್ನುವಲ್ಲಿ ಬೂಸ್ಟರ್ ಬರುತ್ತಾನೆ. ಕ್ರೀಡಾ ವಿಭಾಗಕ್ಕೆ ದೇಣಿಗೆ ಕೊಟ್ಟವನು, ಆಟಗಾರನಿಗೆ ಕೆಲಸ ಕೊಟ್ಟವನು, ಹುಡುಗನನ್ನು ಕರೆತರಲು ಕೈಜೋಡಿಸಿದವನು, ಎಲ್ಲರೂ ನಿಯಮದ ಕಣ್ಣಲ್ಲಿ 'ಕಾಲೇಜಿನ ಹಿತಾಸಕ್ತಿಯ ಪ್ರತಿನಿಧಿ'. ಒಮ್ಮೆ ಆದರೆ ಜೀವನಪರ್ಯಂತ. ದೇಣಿಗೆ ನಿಲ್ಲಿಸಿ ಇಪ್ಪತ್ತು ವರ್ಷವಾಯಿತು ಅನ್ನುವ ಸಬೂಬು ನಡೆಯುವುದಿಲ್ಲ. ಅವನು ಮಾಡಿದ್ದಕ್ಕೆ ಕಾಲೇಜು ಹೊಣೆ.

ದೊಡ್ಡ ನೋಟಿನ ಕಟ್ಟುಗಳ ಕಥೆ ಎಲ್ಲರಿಗೂ ಗೊತ್ತು. ಆದರೆ ದಿನನಿತ್ಯ ತಂಡಗಳು ಎಡವುವುದು ಸಣ್ಣ ವಿಷಯಗಳಲ್ಲಿ. ಕಾರನ್ನೇ ತೆಗೆದುಕೊಳ್ಳಿ. 2015ರಲ್ಲಿ ಓಲ್ ಮಿಸ್‌ನ (ಮಿಸಿಸಿಪಿ ವಿಶ್ವವಿದ್ಯಾಲಯ) ಆಟಗಾರ ಲರೇಮಿ ಟನ್ಸಿಲ್ ಏಳು ಪಂದ್ಯ ಹೊರಗೆ ಕೂತ. ಆರು ತಿಂಗಳ ಅವಧಿಯಲ್ಲಿ ಡೀಲರ್ ತಾತ್ಕಾಲಿಕವಾಗಿ ಕೊಡುವ ಮೂರು ಲೋನರ್ ಕಾರುಗಳನ್ನು ದುಡ್ಡು ಕೊಡದೆ ಓಡಿಸಿದ್ದ. ಅದರ ಜೊತೆಗೆ, ಹಳೆಯ ಕಾರೊಂದನ್ನು ಕೊಳ್ಳಲು ಕಟ್ಟಬೇಕಿದ್ದ 3,000 ಡಾಲರ್ ಮುಂಗಡಕ್ಕೆ ನಾಲ್ಕು ತಿಂಗಳ ಬಡ್ಡಿಯಿಲ್ಲದ ಸಾಲಪತ್ರ ಸಿಕ್ಕಿತ್ತು. ಸಾಲವೇ ತಾನೇ, ತೀರಿಸಿದರಾಯಿತು ಅಂತ ಅನ್ನಿಸಬಹುದು. ಆದರೆ ಸವಲತ್ತು ಇರುವುದು ಅಸಲಿನಲ್ಲಿ ಅಲ್ಲ, ಬಿಟ್ಟುಕೊಟ್ಟ ಬಡ್ಡಿಯಲ್ಲಿ. ಬೇರೆ ವಿದ್ಯಾರ್ಥಿಗೆ ಆ ಡೀಲರ್ ನಾಲ್ಕು ತಿಂಗಳು ಬಡ್ಡಿ ಬಿಡುತ್ತಿರಲಿಲ್ಲ. ಲೋನರ್ ಕಾರಿನದೂ ಅದೇ ಲೆಕ್ಕ: ನಮ್ಮ ಗಾಡಿ ರಿಪೇರಿಗೆ ಹೋದಾಗ ಎರಡು ಮೂರು ದಿನಕ್ಕೆ ಕೊಡುವುದು ವಾಡಿಕೆ, ತಿಂಗಳುಗಟ್ಟಲೆ ಕೊಡುವುದು ಬಾಡಿಗೆಯಿಲ್ಲದ ಕಾರು. ಅದಕ್ಕೇ ಕಾಲೇಜಿನ ಕಂಪ್ಲಯನ್ಸ್ (ನಿಯಮಪಾಲನೆ ನೋಡುವ) ಕಚೇರಿಗಳು ಆಟಗಾರರ ಗಾಡಿಗಳನ್ನು ಬರೆಸಿಕೊಳ್ಳುತ್ತವೆ. ನಂಬರ್ ಪ್ಲೇಟ್ ಏನು, ಆರ್‌ಸಿ ಯಾರ ಹೆಸರಲ್ಲಿದೆ, ಕಂತು ಯಾರ ಖಾತೆಯಿಂದ ಹೋಗುತ್ತದೆ, ಈ ಮೂರೂ ಬೇಕು. ಮೂರರಲ್ಲಿ ಒಂದು ಹೊಂದದಿದ್ದರೆ ಅಲ್ಲಿಂದ ದಾರ ಎಳೆಯುತ್ತಾರೆ.

ಬೇಸಿಗೆ ಕೆಲಸ ಇನ್ನೊಂದು. ಆಟಗಾರ ಕೆಲಸ ಮಾಡಬಹುದು, ಬೂಸ್ಟರ್ ಅಂಗಡಿಯಲ್ಲೂ ಮಾಡಬಹುದು. ಷರತ್ತು ಎರಡೇ: ನಿಜವಾಗಿ ಮಾಡಿದ ಕೆಲಸಕ್ಕೆ ಮಾತ್ರ ಸಂಬಳ, ಆ ಊರಿನಲ್ಲಿ ಆ ಕೆಲಸಕ್ಕೆ ನಡೆಯುವ ದರದಲ್ಲಿ. 2006ರಲ್ಲಿ ಒಕ್ಲಹೋಮಾ ತನ್ನ ಆರಂಭಿಕ ಕ್ವಾರ್ಟರ್‌ಬ್ಯಾಕ್‌ನನ್ನೂ ಒಬ್ಬ ಲೈನ್‌ಮನ್‌ನನ್ನೂ ಸೀಸನ್ ಶುರುವಾಗುವ ಮೊದಲೇ ತಂಡದಿಂದ ತೆಗೆದುಹಾಕಿದ್ದು ಇದಕ್ಕೇ. ಕಾರ್ ಡೀಲರ್ ಬಳಿ ಮಾಡದ ಗಂಟೆಗಳಿಗೂ ಸಂಬಳ ಬಂದಿತ್ತು. ಇಂಥದ್ದು ಸಿಕ್ಕಿಬೀಳುವುದು ಹಾಜರಿ ಚೀಟಿಯಲ್ಲಿ. ಚೀಟಿಯ ಗಂಟೆಯನ್ನೂ ಅದೇ ವಾರದ ಅಭ್ಯಾಸದ ವೇಳಾಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ, ಒಬ್ಬನೇ ಹುಡುಗ ಮಧ್ಯಾಹ್ನ ಮೂರಕ್ಕೆ ಎರಡು ಕಡೆ ಇರುತ್ತಾನೆ.

ಪುಸ್ತಕವೂ ಮುಳುಗಿಸಬಹುದು. ಅಲಬಾಮಾದಲ್ಲಿ ಸ್ಕಾಲರ್‌ಶಿಪ್ ಇದ್ದವರು ಕ್ಯಾಂಪಸ್ ಅಂಗಡಿಯಲ್ಲಿ ಪಠ್ಯಪುಸ್ತಕವನ್ನು ಖಾತೆಗೆ ಬರೆಸಿ ಒಯ್ಯುತ್ತಿದ್ದರು. ಸ್ನೇಹಿತರಿಗೆ, ಗೆಳತಿಗೆ ಅಂತ ಒಯ್ದದ್ದನ್ನು ತಡೆಯುವವರು ಇರಲಿಲ್ಲ. 16 ಕ್ರೀಡೆಗಳ 201 ಮಂದಿ, ಒಟ್ಟು ಸುಮಾರು 40,000 ಡಾಲರ್. ತಲೆಗೆ ಸರಾಸರಿ 200 ಡಾಲರ್ ಅಷ್ಟೇ. ಬೇಕಂತಲೇ ಮಾಡಿದವರು 22 ಮಂದಿ ಅಂತ ಲೆಕ್ಕವಾಯಿತು. 2009ರ ತೀರ್ಪಿನಲ್ಲಿ 2005ರಿಂದ 2007ರವರೆಗಿನ 21 ಫುಟ್‌ಬಾಲ್ ಗೆಲುವುಗಳು ದಾಖಲೆಯಿಂದ ಹೋದವು. ಒಬ್ಬ ಅನರ್ಹ ಆಟಗಾರ ಮೈದಾನಕ್ಕೆ ಇಳಿದರೂ ಆ ಗೆಲುವು ಹೋದಂತೆ. ಅವನು ಯಾಕೆ ಅನರ್ಹ ಅನ್ನುವುದಕ್ಕಿಂತ ಅವನು ಆಡಿದನೇ ಅನ್ನುವುದು ಮುಖ್ಯ.

ಇನ್ನು ನಿಮ್ಮ ನಾಲ್ಕು ಪಂದ್ಯದ ಲೆಕ್ಕ. ಆಗಿನ ಮಾರ್ಗಸೂಚಿಯಲ್ಲಿ ಸವಲತ್ತಿನ ಬೆಲೆ 700 ಡಾಲರ್ ದಾಟಿದರೆ ಸೀಸನ್‌ನ 30% ಹೊರಗೆ. 12 ಪಂದ್ಯಕ್ಕೆ 3.6, ಮೇಲಕ್ಕೆ ಸರಿಸಿದರೆ ನಾಲ್ಕು. ಜೊತೆಗೆ ಪಡೆದಷ್ಟು ಹಣವನ್ನು ತನಗೆ ಬೇಕಾದ ಧರ್ಮಾರ್ಥ ಸಂಸ್ಥೆಗೆ ಕಟ್ಟಬೇಕು. ಕೊಟ್ಟವನಿಗೇ ವಾಪಸ್ ಕೊಡುವಂತಿಲ್ಲ. ಎನ್‌ಐಎಲ್ ಬಂದ ಮೇಲೆ ಜೆರ್ಸಿ ಮಾರುವುದೇ ತಪ್ಪಲ್ಲ ಬಿಡಿ. ಗ್ರೀನ್ ಹನ್ನೆರಡು ವರ್ಷ ತಡವಾಗಿ ಹುಟ್ಟಿದ್ದರೆ ಆ ನಾಲ್ಕು ಪಂದ್ಯ ಆಡುತ್ತಿದ್ದ.

ಎಂಡ್‌ಝೋನ್

ಎಸ್‌ಎಂಯು ವಿಚಾರ ನಾನು ಹೇಳುತ್ತೇನೆ. ಇದರ ಬಗ್ಗೆ ಅರ್ಧಂಬರ್ಧ ಮಾತು ಬಹಳ ಓಡಾಡುತ್ತದೆ.

ದುಡ್ಡು ಕೊಟ್ಟದ್ದಕ್ಕೆ ತಂಡವನ್ನೇ ಮುಚ್ಚಿದರು ಅನ್ನುವುದು ಪೂರ್ತಿ ಸರಿಯಲ್ಲ. ಡಲ್ಲಾಸ್‌ನ ಈ ಕಾಲೇಜು 1985ರ ಆಗಸ್ಟ್‌ನಲ್ಲೇ ಮೂರು ವರ್ಷದ ಪ್ರೊಬೇಷನ್‌ಗೆ (ನಿಗಾ ಅವಧಿಗೆ) ಬಿದ್ದಿತ್ತು. ಅದಕ್ಕೆ ಎರಡು ತಿಂಗಳ ಮುಂಚೆ, ಜೂನ್‌ನಲ್ಲಿ, ಐದು ವರ್ಷದೊಳಗೆ ಎರಡನೇ ಸಲ ಗಂಭೀರ ತಪ್ಪು ಮಾಡಿದರೆ ಆ ಕ್ರೀಡೆಯನ್ನೇ ನಿಲ್ಲಿಸಬಹುದು ಅನ್ನುವ ನಿಯಮವನ್ನು ಎನ್‌ಸಿಎಎ ಸದಸ್ಯರು ಒಪ್ಪಿದ್ದರು. ಅಂದರೆ ಕತ್ತಿ ತೂಗುತ್ತಿದ್ದದ್ದು ಎಲ್ಲರಿಗೂ ಕಾಣುತ್ತಿತ್ತು.

ಆದರೂ ಪಾವತಿ ನಿಲ್ಲಲಿಲ್ಲ. 1985-86ರ ಶೈಕ್ಷಣಿಕ ವರ್ಷದಲ್ಲಿ 13 ಆಟಗಾರರಿಗೆ ಸುಮಾರು 47,000 ಡಾಲರ್ ಹೋಯಿತು. 1986ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅವರಲ್ಲಿ ಎಂಟು ಮಂದಿಗೆ ಇನ್ನೊಂದು 14,000. ಒಟ್ಟು 61,000. ತಿಂಗಳಿಗೆ ಒಬ್ಬನಿಗೆ 50ರಿಂದ 725 ಡಾಲರ್‌ವರೆಗೆ. ದುಡ್ಡು ಒಬ್ಬ ಬೂಸ್ಟರ್‌ನ ಗುಪ್ತ ನಿಧಿಯದು, ವಿಷಯ ಕ್ರೀಡಾ ವಿಭಾಗದ ಮುಖ್ಯರಿಗೆ ತಿಳಿದೇ ಇತ್ತು. ಇನ್ನು ಆಡಳಿತ ಮಂಡಳಿ: ಅದರ ಮುಖ್ಯಸ್ಥರಾಗಿದ್ದ ಬಿಲ್ ಕ್ಲೆಮೆಂಟ್ಸ್, ಆಗ ಟೆಕ್ಸಸ್‌ನ ಗವರ್ನರ್, ಪಾವತಿ ಮುಂದುವರಿಯಲು ತಾವೂ ಒಪ್ಪಿದ್ದಾಗಿ 1987ರ ಮಾರ್ಚ್‌ನಲ್ಲಿ ಒಪ್ಪಿಕೊಂಡರು. ಮಾತು ಕೊಟ್ಟ ಹುಡುಗರು ಮುಗಿಸಿ ಹೋಗುವವರೆಗೆ ಕೊಟ್ಟು, ಆಮೇಲೆ ನಿಲ್ಲಿಸೋಣ ಅನ್ನುವ ಲೆಕ್ಕ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಕಾವಲು ಕಾಯಬೇಕಾದವರೇ ಕಂತಿನ ಪಟ್ಟಿಗೆ ಒಪ್ಪಿಗೆ ಹಾಕಿದ್ದರು.

ಶಿಕ್ಷೆ ಬಂದದ್ದು 1987ರ ಫೆಬ್ರುವರಿ 25ಕ್ಕೆ. 1987ರ ಸೀಸನ್ ಪೂರ್ತಿ ರದ್ದು. 1988ರಲ್ಲಿ ಹೊರ ಊರಿನ ಪಂದ್ಯಗಳಿಗೆ ಮಾತ್ರ ಅವಕಾಶವಿತ್ತು, ತಂಡ ಕಟ್ಟಲಾಗದೆ ಕಾಲೇಜೇ ಅದನ್ನೂ ಕೈಬಿಟ್ಟಿತು. ನಾಲ್ಕು ವರ್ಷಕ್ಕೆ ಹರಡಿ 55 ಸ್ಕಾಲರ್‌ಶಿಪ್ ಕಡಿತ. ಪೂರ್ಣಾವಧಿ ಸಹಾಯಕ ಕೋಚ್‌ಗಳು ಐವರು ಮಾತ್ರ. ಜನ ಮರೆಯುವ ಅಂಶವೆಂದರೆ, ಇದ್ದ ಆಟಗಾರರಿಗೆ ಒಂದು ವರ್ಷ ಕಾಯದೆ ಬೇರೆ ಕಾಲೇಜಿಗೆ ಹೋಗಲು ಬಿಟ್ಟರು. ಬೇರೆ ಕಾಲೇಜಿನ ಕೋಚ್‌ಗಳು ಕ್ಯಾಂಪಸ್‌ಗೇ ಬಂದು ಹುಡುಗರನ್ನು ಆರಿಸಿಕೊಂಡು ಹೋದರು. ಕಟ್ಟಡ ಉಳಿಯಿತು, ತಂಡ ಉಳಿಯಲಿಲ್ಲ. 1989ರಲ್ಲಿ ಹೊಸಬರನ್ನು ಇಟ್ಟುಕೊಂಡು ಮತ್ತೆ ಶುರು ಮಾಡಿದಾಗ ಹ್ಯೂಸ್ಟನ್ ಎದುರು 95-21ರಲ್ಲಿ ಸೋತರು. ಮತ್ತೆ ಬೌಲ್ ಪಂದ್ಯ (ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳಿಗೆ ಸಿಗುವ ಪಂದ್ಯ) ಆಡಿದ್ದು 2009ರಲ್ಲಿ. ನಡುವಿನ ಇಪ್ಪತ್ತು ವರ್ಷದಲ್ಲಿ ಸೋಲಿಗಿಂತ ಗೆಲುವು ಹೆಚ್ಚಿದ್ದ ಸೀಸನ್ ಒಂದೇ ಒಂದು, 1997.

ಮತ್ತೆ ಯಾಕೆ ಯಾರಿಗೂ ಕೊಡಲಿಲ್ಲ? ಈ ಫಲಿತಾಂಶ ಕಣ್ಣೆದುರು ಇದ್ದದ್ದರಿಂದಲೇ. ನಿಯಮ ಆಮೇಲೂ ಪುಸ್ತಕದಲ್ಲಿತ್ತು, ಆ ಶಿಕ್ಷೆಗೆ ಅರ್ಹವಾದ ಕಾಲೇಜುಗಳೂ ಇದ್ದವು. ಆದರೆ ಒಂದು ದೊಡ್ಡ ತಂಡ ಒಂದು ವರ್ಷ ಇಲ್ಲವಾದರೆ ಅದರ ಎದುರಾಳಿಗಳ ವೇಳಾಪಟ್ಟಿ, ಟಿವಿ ಒಪ್ಪಂದ, ಗೇಟಿನ ಹಣ ಎಲ್ಲವೂ ಅಲ್ಲಾಡುತ್ತವೆ. ತಪ್ಪು ಒಬ್ಬರದು, ನಷ್ಟ ಇಡೀ ಕಾನ್ಫರೆನ್ಸ್‌ದು, ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪಿನದು. ಎಸ್‌ಎಂಯು ಇದ್ದ ಸೌತ್‌ವೆಸ್ಟ್ ಕಾನ್ಫರೆನ್ಸ್ 1996ರಲ್ಲಿ ಮುಚ್ಚಿಯೇಹೋಯಿತು. ಅದಕ್ಕೆ ಕಾರಣ ಇದೊಂದೇ ಅಲ್ಲ, ಆದರೆ ಪೆಟ್ಟಂತೂ ಹೌದು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಅಂತ ನಾನು ಹೇಳುವುದಿಲ್ಲ. ಉಗುರಲ್ಲಿ ಹೋಗುವ ಹಂತವನ್ನು ಎಸ್‌ಎಂಯು ತಾನೇ ದಾಟಿತ್ತು. ಆದರೆ ಆ ಕೊಡಲಿಯ ಭಾರ ಎಷ್ಟು ಅಂತ ಎತ್ತಿದವರಿಗೂ ಆಮೇಲೇ ಗೊತ್ತಾಯಿತು.

ಹ್ಯಾಶ್‌ಮಾರ್ಕ್

ಧನ್ಯವಾದ ಇಬ್ಬರಿಗೂ. ಎಸ್‌ಎಂಯುನಲ್ಲಿ ನಿಜವಾಗಿ ಮುಳುಗಿಸಿದ್ದು ದುಡ್ಡಿಗಿಂತ 'ಗೊತ್ತಿದ್ದೂ ಮುಂದುವರಿಸಿದ್ದು' ಅಂತ ಅರ್ಥವಾಯಿತು. ಹಾಗಾದರೆ ಕೋಚ್‌ಗಳಿಗೆ ಬರುವ ಷೋ-ಕಾಸ್ ಆದೇಶ ಏನು? ಟೆನೆಸ್ಸಿಯ ದಂಡ ಎನ್‌ಐಎಲ್ ದುಡ್ಡಿಗಾಗಿ ಬಿದ್ದದ್ದೇ?

ಸೈಡ್‌ಲೈನ್

ಅಲ್ಲ, ಟೆನೆಸ್ಸಿಗೂ ಎನ್‌ಐಎಲ್‌ಗೂ ಸಂಬಂಧವಿಲ್ಲ. ಈ ತಪ್ಪು ತಿಳಿವಳಿಕೆ ಬಹಳ ಕಡೆ ಇದೆ. ಅಲ್ಲಿನ ತಪ್ಪುಗಳು ಜೆರೆಮಿ ಪ್ರೂಯಿಟ್ ಕೋಚ್ ಆಗಿದ್ದಾಗ, ಅಂದರೆ 2021ರ ಜನವರಿಯಲ್ಲಿ ಅವರನ್ನು ತೆಗೆದುಹಾಕುವ ಮೊದಲು ನಡೆದವು. ಕೋವಿಡ್ ಕಾಲದಲ್ಲಿ ಹುಡುಗರನ್ನು ಕ್ಯಾಂಪಸ್‌ಗೆ ಕರೆಸುವುದನ್ನೇ ಎನ್‌ಸಿಎಎ ನಿಲ್ಲಿಸಿತ್ತು. 2020ರ ಮಾರ್ಚ್‌ನಿಂದ 2021ರ ಮೇ ಕೊನೆಯವರೆಗೆ 'ಡೆಡ್ ಪೀರಿಯಡ್'. ಎಲ್ಲ ಕಾಲೇಜೂ ಕೈಕಟ್ಟಿ ಕೂತಾಗ ಇವರು ಹುಡುಗರನ್ನೂ ಮನೆಯವರನ್ನೂ ವಾರಾಂತ್ಯಕ್ಕೆ ಕರೆಸಿ ಹೋಟೆಲ್, ಊಟ, ಓಡಾಟದ ಖರ್ಚು ನೋಡಿಕೊಂಡರು, ಕೆಲವರಿಗೆ ನಗದೂ ಕೊಟ್ಟರು. ಒಟ್ಟು ಬೆಲೆ ಸುಮಾರು 60,000 ಡಾಲರ್. ಬಿಡಿಬಿಡಿ ಉಲ್ಲಂಘನೆಗಳು 200ಕ್ಕೂ ಹೆಚ್ಚು, ಅವು ಸೇರಿ 18 ಲೆವೆಲ್ 1 (ಅತಿ ಗಂಭೀರ ದರ್ಜೆಯ) ಆರೋಪ. 2023ರ ಜುಲೈನ ತೀರ್ಪಿನಲ್ಲಿ 80 ಲಕ್ಷ ಡಾಲರ್ ದಂಡ, 28 ಸ್ಕಾಲರ್‌ಶಿಪ್ ಕಡಿತ, ಐದು ವರ್ಷ ಪ್ರೊಬೇಷನ್, ಪ್ರೂಯಿಟ್‌ಗೆ ಆರು ವರ್ಷದ ಷೋ-ಕಾಸ್.

ಷೋಕಾಸ್ ನೋಟಿಸ್ ಅಂದರೆ ಕಾರಣ ಕೇಳಿ ಕಾಗದ ಕೊಡುವುದು ಅಂತ ಗೊತ್ತಿರುವವರಿಗೆ ಇಲ್ಲಿ ಗೊಂದಲವಾಗುತ್ತದೆ. ಇಲ್ಲಿ ಕಾರಣ ಕೊಡಬೇಕಾದವನು ಕೋಚ್ ಅಲ್ಲ, ಅವನನ್ನು ಮುಂದೆ ಕೆಲಸಕ್ಕೆ ತೆಗೆದುಕೊಳ್ಳುವ ಕಾಲೇಜು. 'ಇವನನ್ನು ತೆಗೆದುಕೊಂಡದ್ದಕ್ಕೆ ನಿಮ್ಮನ್ನೂ ಯಾಕೆ ಶಿಕ್ಷಿಸಬಾರದು, ಹೇಳಿ' ಅನ್ನುತ್ತದೆ ಆದೇಶ. ಆ ತಲೆನೋವು ಯಾರಿಗೂ ಬೇಡ, ಹಾಗಾಗಿ ಆದೇಶ ಇರುವಷ್ಟು ದಿನ ಕೋಚ್‌ಗೆ ಕಾಲೇಜು ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಹೋದವನಿಗೆ ಮಾತ್ರ ಅದು ಏನೂ ತಟ್ಟದು.

ಕ್ರಮ ಹೀಗಿದೆ. ಉಲ್ಲಂಘನೆಗಳು ಮೂರು ಲೆವೆಲ್. ಮೂರನೆಯದು ಚಿಲ್ಲರೆ, ಕಾಲೇಜೇ ವರ್ಷಕ್ಕೆ ಹಲವು ಬರೆದು ಕಳಿಸುತ್ತದೆ. ಒಂದು ಕಾಲೇಜು ಮೂರನೇ ಲೆವೆಲ್‌ನ ಒಂದನ್ನೂ ವರದಿ ಮಾಡುತ್ತಿಲ್ಲ ಅಂದರೆ ಅಲ್ಲಿ ಎಲ್ಲ ಸರಿಯಿದೆ ಅಂತಲ್ಲ, ಯಾರೂ ನೋಡುತ್ತಿಲ್ಲ ಅಂತ ಅರ್ಥ. ಒಂದು, ಎರಡನೇ ಲೆವೆಲ್‌ಗೆ ತನಿಖೆ, ಆರೋಪಪಟ್ಟಿ, ಉತ್ತರಕ್ಕೆ 90 ದಿನ, ಆಮೇಲೆ ಉಲ್ಲಂಘನಾ ಸಮಿತಿ. ಎರಡೂ ಕಡೆಯವರು ಒಪ್ಪಿ ಬರೆದುಕೊಟ್ಟರೆ ವಿಚಾರಣೆಯಿಲ್ಲದೆ ಮುಗಿಯುತ್ತದೆ.

ಸಣ್ಣ ತಪ್ಪು ದೊಡ್ಡದಾಗುವುದು ಹೇಗೆ ಅನ್ನುವುದಕ್ಕೆ ಒಹಾಯೊ ಸ್ಟೇಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಐವರು ಆಟಗಾರರು ತಮ್ಮ ಚಾಂಪಿಯನ್‌ಶಿಪ್ ಉಂಗುರ, ಜೆರ್ಸಿ, ಮಿಶಿಗನ್ ಎದುರು ಗೆದ್ದಾಗ ಕೊಡುವ ಚಿನ್ನದ ಪುಟ್ಟ ಪ್ಯಾಂಟಿನ ಪದಕ, ಇವನ್ನೆಲ್ಲ ಒಬ್ಬ ಟ್ಯಾಟೂ ಅಂಗಡಿಯವನಿಗೆ ಕೊಟ್ಟು ಹಣವನ್ನೂ ರಿಯಾಯಿತಿಯನ್ನೂ ಪಡೆದಿದ್ದರು. ಒಬ್ಬೊಬ್ಬರು ಕಟ್ಟಬೇಕಾದದ್ದು 1,000ದಿಂದ 2,500 ಡಾಲರ್. 2010ರ ಡಿಸೆಂಬರ್‌ನಲ್ಲಿ ಐದು ಪಂದ್ಯದ ಅಮಾನತು: ನಾಲ್ಕು ಮೇಲಿನ 30% ಲೆಕ್ಕದ್ದು, ಐದನೆಯದು ತಕ್ಷಣ ಹೇಳಿಕೊಳ್ಳದ್ದಕ್ಕೆ. ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕೋಚ್ ಜಿಮ್ ಟ್ರೆಸೆಲ್‌ಗೆ ಈ ವಿಷಯ ಏಪ್ರಿಲ್‌ನಲ್ಲೇ ಇಮೇಲ್‌ನಲ್ಲಿ ಬಂದಿತ್ತು. ಅವರು ಕಂಪ್ಲಯನ್ಸ್‌ಗೆ ತಿಳಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ, ಯಾವ ಉಲ್ಲಂಘನೆಯೂ ನನಗೆ ಗೊತ್ತಿಲ್ಲ ಅನ್ನುವ ವಾರ್ಷಿಕ ನಮೂನೆಗೆ ಸಹಿ ಹಾಕಿದರು. ಆ ಸಹಿ ಹೊರಗೆ ಬಂದ ಮೇಲೆ 2011ರ ಮೇ 30ಕ್ಕೆ ರಾಜೀನಾಮೆ, ಐದು ವರ್ಷದ ಷೋ-ಕಾಸ್, 2010ರ ಗೆಲುವುಗಳೆಲ್ಲ ರದ್ದು. ಏಪ್ರಿಲ್‌ನಲ್ಲಿ ಒಂದು ಫೋನ್ ಮಾಡಿದ್ದರೆ ಹೋಗುತ್ತಿದ್ದದ್ದು ಆಟಗಾರರ ಕೆಲವು ಪಂದ್ಯ ಮಾತ್ರ.

ಎಂಡ್‌ಝೋನ್

ಸೈಡ್‌ಲೈನ್ ಅವರ ಮಾತಿಗೆ ಒಂದು ಸೇರಿಸಬೇಕು. ಒಹಾಯೊ ಸ್ಟೇಟ್‌ಗೆ ಬೌಲ್ ನಿಷೇಧ ಬಿದ್ದದ್ದು 2012ರ ಸೀಸನ್‌ಗೆ. ಆ ವರ್ಷ ಅವರು 12ಕ್ಕೆ 12 ಗೆದ್ದು ಮನೆಯಲ್ಲಿ ಕೂತರು. ಆಗ ಕೋಚ್ ಬೇರೆ, ಉಂಗುರ ಮಾರಿದ ಐವರಲ್ಲಿ ಒಬ್ಬರೂ ತಂಡದಲ್ಲಿರಲಿಲ್ಲ. ಯುಎಸ್‌ಸಿಯದು (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಇನ್ನೂ ಕೆಟ್ಟದ್ದು. ಅಲ್ಲಿನ ಆಟಗಾರ ರೆಜಿ ಬುಷ್‌ನ ಕುಟುಂಬಕ್ಕೆ, ಅವನ ಏಜೆಂಟ್ ಆಗಲು ಹೊರಟಿದ್ದವರು ಬಾಡಿಗೆಯಿಲ್ಲದ ಮನೆ, ಹಣ ಕೊಟ್ಟದ್ದು 2004-05ರ ಸುಮಾರಿಗೆ. ತೀರ್ಪು 2010ರ ಜೂನ್‌ನಲ್ಲಿ. ಬುಷ್ ಎನ್‌ಎಫ್‌ಎಲ್ ಸೇರಿ ನಾಲ್ಕು ವರ್ಷವಾಗಿತ್ತು, ಕೋಚ್ ಪೀಟ್ ಕ್ಯಾರಲ್ ಅದೇ ಜನವರಿಯಲ್ಲಿ ಸಿಯಾಟಲ್‌ಗೆ ಹೊರಟುಹೋಗಿದ್ದರು. ಎರಡು ವರ್ಷದ ಬೌಲ್ ನಿಷೇಧ, 30 ಸ್ಕಾಲರ್‌ಶಿಪ್ ಕಡಿತ ಅನುಭವಿಸಿದವರು ಆ ಕಾಲದಲ್ಲಿ ಕಾಲೇಜು ಮೆಟ್ಟಿಲು ಹತ್ತದ ಹುಡುಗರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಬುಷ್ ಕಳೆದುಕೊಂಡ ಹೈಸ್‌ಮನ್ ಟ್ರೋಫಿ (ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವುದು) 2024ರ ಏಪ್ರಿಲ್‌ನಲ್ಲಿ ಮರಳಿತು. ಆ ಹುಡುಗರ ಎರಡು ವರ್ಷ ಯಾರೂ ಮರಳಿಸಲಿಲ್ಲ.

ಇದಕ್ಕೇ ಈಗ ನಿಷೇಧದ ಬದಲು ದಂಡ. ಟೆನೆಸ್ಸಿಯಲ್ಲಿ ಶುರುವಾದದ್ದು, 2025ರ ಆಗಸ್ಟ್‌ನ ಮಿಶಿಗನ್ ತೀರ್ಪಿನಲ್ಲಿ ಸ್ಪಷ್ಟವಾಯಿತು. ಅದು ದುಡ್ಡಿನ ಪ್ರಕರಣ ಅಲ್ಲ. ಮುಂದೆ ಎದುರಾಗುವ ತಂಡಗಳ ಪಂದ್ಯಕ್ಕೆ ಜನರನ್ನು ಕಳಿಸಿ ಮೈದಾನದ ಅಂಚಿನಿಂದ ಕೋಚ್‌ಗಳು ಆಟಗಾರರಿಗೆ ಮಾಡುವ ಸನ್ನೆಗಳನ್ನು ಫೋನಿನಲ್ಲಿ ಚಿತ್ರಿಸಿಕೊಂಡದ್ದು. ಸನ್ನೆ ಓದುವುದು ತಪ್ಪಲ್ಲ, ಅದಕ್ಕಾಗಿ ಎದುರಾಳಿಯ ಮೈದಾನಕ್ಕೆ ಹೋಗುವುದು ತಪ್ಪು. ಆ ನಿಯಮ 1994ರದು. ದಂಡ ಹೀಗೆ: 50,000 ಡಾಲರ್, ಫುಟ್‌ಬಾಲ್ ಬಜೆಟ್‌ನ 10%, ಸ್ಕಾಲರ್‌ಶಿಪ್ ವೆಚ್ಚದ 10%, ಜೊತೆಗೆ 2025 ಮತ್ತು 2026ರ ಸೀಸನ್‌ಗಳ ಪೋಸ್ಟ್‌ಸೀಸನ್ ಆದಾಯದಷ್ಟು. ಒಟ್ಟು ಎರಡು ಕೋಟಿ ಡಾಲರ್ ದಾಟುವ ಅಂದಾಜು. ಆಡುತ್ತಿರುವ ಹುಡುಗರ ಸೀಸನ್ ಉಳಿಯಿತು.

ನಾಲ್ಕನೇ ಡೌನ್

ಹುಡುಗರ ವಿಷಯದಲ್ಲಿ ಒಪ್ಪುತ್ತೇನೆ. ಆದರೆ ಮಿಶಿಗನ್‌ನಂಥ ಕಾಲೇಜಿಗೆ ಎರಡು ಕೋಟಿ ಡಾಲರ್ ಒಂದು ಬಜೆಟ್ ಸಾಲು ಆಗಿಬಿಡುವ ಅಪಾಯ ಇದೆ. ಗೆದ್ದರೆ ಬರುವ ಲಾಭ ಇದು, ಸಿಕ್ಕಿಬಿದ್ದರೆ ಕಟ್ಟುವ ದಂಡ ಇದು ಅಂತ ಕೂಡಿ ಕಳೆಯಲು ಯಾರಿಗಾದರೂ ಬರುತ್ತದೆ. ಮಿಶಿಗನ್ ಕೋಚ್ ಆಗಿದ್ದ ಜಿಮ್ ಹಾರ್ಬಾಗ್‌ಗೆ ಹತ್ತು ವರ್ಷದ ಷೋ-ಕಾಸ್ ಬಿತ್ತು, ಅವರು ಆಗಲೇ ಎನ್‌ಎಫ್‌ಎಲ್‌ನ ಚಾರ್ಜರ್ಸ್ ಕೋಚ್. ಕಾಲೇಜಿಗೆ ದಂಡ, ಕೋಚ್‌ಗೆ ತಟ್ಟದ ಆದೇಶ, ಇವೆರಡೇ ಸಾಕಾಗುವುದಿಲ್ಲ. ಕೋಚ್‌ನ ಒಪ್ಪಂದದಲ್ಲೇ, ಬಿಟ್ಟುಹೋದ ಮೇಲೂ ಬೋನಸ್ ವಾಪಸ್ ಪಡೆಯುವ ಷರತ್ತು ಇರಬೇಕು.

ತನಿಖೆಯ ಕೈಯೂ ಗಿಡ್ಡ. ಎನ್‌ಸಿಎಎಗೆ ಸಮನ್ಸ್ ಕೊಡುವ ಅಧಿಕಾರ ಇಲ್ಲ. ಕಾಲೇಜಿನವರು ಸಹಕರಿಸಲೇಬೇಕು, ಹೊರಗಿನ ಬೂಸ್ಟರ್ 'ಮಾತಾಡಲ್ಲ' ಅಂದರೆ ಮುಗಿಯಿತು. ಮಯಾಮಿ ಪ್ರಕರಣದಲ್ಲಿ ಈ ಕೊರತೆಯನ್ನು ಅಡ್ಡದಾರಿಯಲ್ಲಿ ತುಂಬಿಸಲು ಹೋದರು. ಪೊಂಜಿ ವಂಚನೆಯಲ್ಲಿ ಜೈಲು ಸೇರಿದ್ದ ಬೂಸ್ಟರ್ ನೆವಿನ್ ಶಪೀರೊನ ವಕೀಲರಿಗೇ ಹಣ ಕೊಟ್ಟು, ದಿವಾಳಿ ಮೊಕದ್ದಮೆಯ ಸಾಕ್ಷ್ಯ ವಿಚಾರಣೆಯಲ್ಲಿ ತಮ್ಮ ಪ್ರಶ್ನೆ ಕೇಳಿಸಿದರು. 2013ರಲ್ಲಿ ಅದು ಬಯಲಾಗಿ, ಹಾಗೆ ಸಿಕ್ಕ ಸಾಕ್ಷ್ಯವನ್ನೆಲ್ಲ ಕೈಬಿಡಬೇಕಾಯಿತು, ತನಿಖಾ ವಿಭಾಗದ ಮುಖ್ಯಸ್ಥರು ಹುದ್ದೆ ಕಳೆದುಕೊಂಡರು.

ಟಚ್‌ಬ್ಯಾಕ್

ಕೊನೆಯ ಪ್ರಶ್ನೆ, ಈಗಿನ ಕಾಲದ್ದು, ಇನ್ನೂ ಬಾಕಿಯಿದೆ.

ಫ್ಲಾರಿಡಾ ಸ್ಟೇಟ್‌ನಿಂದ ಶುರು ಮಾಡೋಣ. 2022ರ ಏಪ್ರಿಲ್‌ನಲ್ಲಿ ಬೇರೆ ಕಾಲೇಜಿನಿಂದ ವರ್ಗವಾಗಲು ಯೋಚಿಸುತ್ತಿದ್ದ ಆಟಗಾರನನ್ನೂ ಅವನ ಹೆತ್ತವರನ್ನೂ ಆಫೆನ್ಸ್ ಕೋಚ್ ತಾನೇ ಕಾರಿನಲ್ಲಿ ಕೂರಿಸಿಕೊಂಡು ಒಬ್ಬ ಬೂಸ್ಟರ್ ಬಳಿಗೆ ಬಿಟ್ಟರು. ಬೂಸ್ಟರ್ ಒಂದು ಕಲೆಕ್ಟಿವ್ (ಆಟಗಾರರಿಗೆ ಎನ್‌ಐಎಲ್ ದುಡ್ಡು ಕೂಡಿಸಿ ಕೊಡುವ ಕೂಟ) ನಡೆಸುತ್ತಿದ್ದ. ಮೊದಲ ವರ್ಷಕ್ಕೆ ತಿಂಗಳಿಗೆ ಸುಮಾರು 15,000 ಡಾಲರ್‌ನ ಎನ್‌ಐಎಲ್ ಒಪ್ಪಂದ ಮುಂದಿಟ್ಟ. ಆ ಹುಡುಗ ಈಗಾಗಲೇ ಆ ಕಾಲೇಜಿನಲ್ಲಿದ್ದಿದ್ದರೆ ಇದೇ 15,000 ಸರಿ. ಸೇರುವ ಮೊದಲು, ಬೂಸ್ಟರ್ ಬಾಯಿಂದ, ಕೋಚ್ ಮಧ್ಯಸ್ಥಿಕೆಯಲ್ಲಿ ಬಂದದ್ದಕ್ಕೆ ಅದು ಆಮಿಷ. ಅದರ ಮೇಲೆ ತನಿಖೆಗಾರರಿಗೆ ಸುಳ್ಳು ಬೇರೆ. ಮೂರು ಪಂದ್ಯ ಅಮಾನತು, ಎರಡು ವರ್ಷದ ಷೋ-ಕಾಸ್, ಬೂಸ್ಟರ್‌ಗೆ ಮೂರು ವರ್ಷ ಕಾಲೇಜಿನ ನಂಟು ಬಂದ್.

ಆ ತೀರ್ಪು ಬಂದು ಆರು ವಾರದಲ್ಲೇ ನೆಲ ಕುಸಿಯಿತು. ಟೆನೆಸ್ಸಿ, ವರ್ಜೀನಿಯಾ ರಾಜ್ಯಗಳು ಹೂಡಿದ ದಾವೆಯಲ್ಲಿ 2024ರ ಫೆಬ್ರುವರಿ 23ರಂದು ಫೆಡರಲ್ ನ್ಯಾಯಾಲಯ, ಸೇರುವ ಮೊದಲು ಎನ್‌ಐಎಲ್ ಮಾತುಕತೆ ನಡೆಸಬಾರದು ಅನ್ನುವ ನಿಯಮ ಜಾರಿಗೆ ತಡೆ ಕೊಟ್ಟಿತು. ಚಾಪೆ ಕೆಳಗೆ ನುಸುಳುತ್ತಿದ್ದವರಿಗೆ ಚಾಪೆಯನ್ನೇ ತೆಗೆದಂತಾಯಿತು.

ಈಗಿನ ಚೌಕಟ್ಟು 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ 'ಹೌಸ್' ಮೊಕದ್ದಮೆಯ ರಾಜಿಯದು. ಕಾಲೇಜು ತನ್ನ ಎಲ್ಲ ಕ್ರೀಡೆಗಳ ಆಟಗಾರರಿಗೆ 2025-26ರಲ್ಲಿ ಒಟ್ಟು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಕೊಡಬಹುದು. ಫುಟ್‌ಬಾಲ್‌ಗೆ 85 ಸ್ಕಾಲರ್‌ಶಿಪ್ ಮಿತಿ ಹೋಗಿ 105 ಆಟಗಾರರ ಮಿತಿ ಬಂತು. ಹೊರಗಿನವರ ಒಪ್ಪಂದಗಳನ್ನು ನೋಡಲು ಕಾಲೇಜ್ ಸ್ಪೋರ್ಟ್ಸ್ ಕಮಿಷನ್, ಅದರ ಕೈಯಲ್ಲಿ ಡೆಲಾಯ್ಟ್ ನಡೆಸುವ ಎನ್‌ಐಎಲ್ ಗೋ ಅನ್ನುವ ಪೋರ್ಟಲ್.

ಹಾಗಾಗಿ ಈಗ ರಂಗೋಲಿ ಕೆಳಗೆ ನುಸುಳುವ ಜಾಗ ಇದು: ಕಾಲೇಜಿನ ಮಿತಿ ತುಂಬಿದ ಮೇಲೆ ಉಳಿದ ಸಂಬಳವನ್ನು ಬೂಸ್ಟರ್ ಕೈಯಿಂದ 'ಜಾಹೀರಾತು' ಹೆಸರಲ್ಲಿ ಕೊಡಿಸುವುದು. ಅದನ್ನು ಹಿಡಿಯಲು ಪೋರ್ಟಲ್ ಮೂರು ನೋಡುತ್ತದೆ. ಕೊಡುವವನು ಕಾಲೇಜಿನ ನಂಟಿನವನೇ? ಜೀವನದಲ್ಲಿ 50,000 ಡಾಲರ್‌ಗಿಂತ ಹೆಚ್ಚು ದೇಣಿಗೆ ಕೊಟ್ಟಿದ್ದರೆ ಹೌದು. ನಂಟಿದ್ದರೆ ಮುಂದಿನದು: ಸಾರ್ವಜನಿಕರಿಗೆ ಲಾಭಕ್ಕಾಗಿ ಮಾರುವ ವಸ್ತು ಅಥವಾ ಸೇವೆಗೆ ಇದರಿಂದ ನಿಜವಾಗಿ ಪ್ರಚಾರ ಸಿಗುತ್ತದೆಯೇ? ಕೊನೆಗೆ, ಇಂಥದೇ ಖ್ಯಾತಿಯವರಿಗೆ ಇಂಥದೇ ಕೆಲಸಕ್ಕೆ ಸಿಗುವ ದರದ ಒಳಗಿದೆಯೇ?

ತಿರಸ್ಕಾರವಾಗುವುದು ಹೆಚ್ಚಾಗಿ ಎರಡನೆಯದರಲ್ಲಿ. ಮಾದರಿಗೆ: ಒಬ್ಬ ಕಟ್ಟಡ ಸಾಮಗ್ರಿ ವ್ಯಾಪಾರಿ ಲೈನ್‌ಬ್ಯಾಕರ್‌ಗೆ ಎರಡು ಲಕ್ಷ ಡಾಲರ್ ಬರೆದುಕೊಟ್ಟು, ಕೆಲಸದ ಜಾಗದಲ್ಲಿ 'ಮುಂದೆ ನಿರ್ಧರಿಸಲಾಗುವುದು' ಅಂತ ಬಿಟ್ಟರೆ ಅದು ಬೀಳುತ್ತದೆ. ಹಕ್ಕುಗಳನ್ನು ಕೊಂಡು ಗೋದಾಮಿನಲ್ಲಿ ಇಡುವುದು ಅಂತಾರೆ ಇದಕ್ಕೆ. ಯಾವ ಜಾಹೀರಾತು, ಎಷ್ಟು ಪೋಸ್ಟ್, ಯಾವ ತಾರೀಖು, ಎಲ್ಲಿ ಪ್ರಸಾರ, ಪ್ರತಿ ಕೆಲಸಕ್ಕೆ ಎಷ್ಟು, ಇಷ್ಟೂ ಬರಹದಲ್ಲಿ ಇರಬೇಕು.

ಹ್ಯಾಶ್‌ಮಾರ್ಕ್

ಒಂದು ಒಪ್ಪಂದ ತಿರಸ್ಕಾರವಾದರೆ ಆಟಗಾರ ಏನು ಮಾಡಬೇಕು? ಸಣ್ಣ ಮೊತ್ತವನ್ನೂ ಹಾಕಬೇಕೇ?

ಟಚ್‌ಬ್ಯಾಕ್

600 ಡಾಲರ್ ಮತ್ತು ಮೇಲ್ಪಟ್ಟದ್ದನ್ನೆಲ್ಲ ಹಾಕಬೇಕು, ಸಹಿಯಾದ ಐದು ಕೆಲಸದ ದಿನಗಳೊಳಗೆ. ಒಬ್ಬನೇ ಕೊಡುವ 500ರ ಮೂರು ತುಂಡುಗಳನ್ನು ಬಿಡಿಬಿಡಿಯಾಗಿ ತೋರಿಸಿ ತಪ್ಪಿಸಿಕೊಳ್ಳಲಾಗದು, ಕೂಡಿಯೇ ನೋಡುತ್ತಾರೆ.

ತಿರಸ್ಕಾರವಾದರೆ ತಿದ್ದಿ ಮತ್ತೆ ಹಾಕಬಹುದು, ರದ್ದು ಮಾಡಬಹುದು, ಇಲ್ಲವೇ ಪಂಚಾಯ್ತಿಗೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗಬಹುದು. ಏನೂ ಮಾಡದೆ ದುಡ್ಡು ತೆಗೆದುಕೊಂಡು ಆಡಿದರೆ ಅರ್ಹತೆ ಹೋಗುವ ಅಪಾಯ ಆಟಗಾರನದೇ, ಬೂಸ್ಟರ್‌ದಲ್ಲ. ಸಮಸ್ಯೆ ದರದ್ದಾಗಿದ್ದರೆ ಮೊತ್ತ ಇಳಿಸಿ ಮತ್ತೆ ಹಾಕುವುದೇ ಬೇಗ ಮುಗಿಯುವ ದಾರಿ. ಪ್ರಚಾರದ ಉದ್ದೇಶವೇ ಇಲ್ಲ ಅಂದಿದ್ದರೆ ಮೊತ್ತ ಇಳಿಸಿ ಉಪಯೋಗವಿಲ್ಲ, ಒಪ್ಪಂದವನ್ನೇ ಹೊಸದಾಗಿ ಬರೆಯಬೇಕು. ಮುಖ್ಯವಾಗಿ, ಪೋರ್ಟಲ್ ಒಪ್ಪಿಗೆ ಬರುವವರೆಗೆ ಮುಂಗಡ ಮುಟ್ಟಬೇಡಿ ಅಂತ ಹುಡುಗನಿಗೂ ಮನೆಯವರಿಗೂ ಮೊದಲೇ ಹೇಳಿಡಬೇಕು. ಖಾತೆಗೆ ಬಂದು ಖರ್ಚಾದ ದುಡ್ಡನ್ನು ಹಿಂದಿರುಗಿಸುವುದು ಹತ್ತೊಂಬತ್ತು ವರ್ಷದವನಿಗೆ ಸುಲಭವಲ್ಲ.